ಮನೆ ಹಿತ್ತಲ ಲೇತು: ಸ್ಟೀಲಿಗೆ ಸಿಟ್ಟು, ನೈಲಾನಿಗೆ ನೀರಡಿಕೆ

ದಾವಣಗೆರೆ: ಬೆಣ್ಣೆ ದೋಸೆಯ ಊರಿನಲ್ಲಿ ಗ್ರೈಂಡರು ನಿಂತಿತೆಂದರೆ ಹೋಟೆಲಿನವನ ಉಸಿರು ನಿಂತಂತೆ. ಬೆಳಿಗ್ಗೆ ಚಟ್ನಿ ರುಬ್ಬುವಾಗ ಗುಂಡುಕಲ್ಲು 'ಕಿರ್' ಅಂತ ಒಂದು ಸದ್ದು ಮಾಡಿ ಕಚ್ಚಿಕೊಂಡಿತು. ಚಟ್ನಿಯೇನೋ ಪಕ್ಕದ ಹೋಟೆಲಿನಿಂದ ಸಾಲ ತರಬಹುದು. ಆದರೆ ಸಂಜೆಯೊಳಗೆ ಹಿಟ್ಟು ರುಬ್ಬದಿದ್ದರೆ ರಾತ್ರಿ ಹುದುಗುವುದಿಲ್ಲ. ಹುದುಗದಿದ್ದರೆ ನಾಳೆ ಬೆಳಿಗ್ಗೆ ಕಾವಲಿ ತಣ್ಣಗೆ!

ಗ್ರೈಂಡರ್ ಮಾರಿದ ಅಂಗಡಿಯಲ್ಲಿ ಕೇಳಿದರೆ ಸಿಗುವ ಉತ್ತರ ಎಲ್ಲರಿಗೂ ಗೊತ್ತಿರುವುದೇ. "ಸಾಮಾನು ಕೊಯಮತ್ತೂರಿನಿಂದ ಬರಬೇಕು ಸ್ವಾಮಿ, ಎಂಟು ದಿನ ಆಗ್ತದೆ." ಎಂಟು ದಿನ ಅಂಗಡಿ ಮುಚ್ಚಿದವನ ಗಿರಾಕಿ ಒಂಬತ್ತನೇ ದಿನ ಬರುತ್ತಾನೆಂಬ ಭರವಸೆ ಏನು?

ಆಗ ನೆನಪಾಗುವುದು ಮನೆ ಹಿತ್ತಲಲ್ಲಿ ಲೇತು ಇಟ್ಟುಕೊಂಡಿರುವ ಮೇಸ್ತ್ರಿ. ಮುಂದೆ ಮನೆ, ಹಿಂದೆ ತಗಡಿನ ಶೆಡ್ಡು, ಶೆಡ್ಡಿನೊಳಗೆ ಒಂದು ಹಳೇ ಲೇತು, ಒಂದು ಡ್ರಿಲ್ಲಿಂಗ್ ಮಶೀನು, ಒಂದು ಗ್ರೈಂಡಿಂಗ್ ಕಲ್ಲು. ಬೋರ್ಡು ಇಲ್ಲ, ಜಾಹೀರಾತು ಇಲ್ಲ. ಆದರೂ ಊರಿನ ಅರ್ಧ ಯಂತ್ರಗಳು ಇಂಥ ಶೆಡ್ಡುಗಳ ಕೃಪೆಯಿಂದಲೇ ತಿರುಗುತ್ತಿವೆ ಎಂದರೆ ತಪ್ಪೇನಿಲ್ಲ. ಕಬ್ಬಿನ ಹಾಲಿನ ಗಾಣದ ರೋಲರು, ಬೋರ್‌ವೆಲ್ ಪಂಪಿನ ಶಾಫ್ಟು, ಮಂಡಕ್ಕಿ ಭಟ್ಟಿಯ ಬುಶ್ಶು, ಪ್ಯಾಕಿಂಗ್ ಮಶೀನಿನ ಟೆಫ್ಲಾನ್ ಬಿಲ್ಲೆ ಎಲ್ಲಕ್ಕೂ ಇಲ್ಲೇ ಮದ್ದು.

ಹೋಟೆಲ್ ಸಾಹುಕಾರರು ಬಿಚ್ಚಿದ ಸಾಮಾನನ್ನು ಗೋಣಿತಾಟಿನಲ್ಲಿ ಸುತ್ತಿ ತಂದು ಮೇಸ್ತ್ರಿಯ ಮುಂದಿಟ್ಟರು. ಗುಂಡುಕಲ್ಲಿನ ನಡುವೆ ಹಾಯುವ ಸ್ಟೇನ್‌ಲೆಸ್ ಸ್ಟೀಲಿನ ಸರಳು ಒಂದು. ಅದರ ಮೇಲೆ ಕೂರುವ ಬಿಳೀ ನೈಲಾನ್ ಬುಶ್ಶು ಒಂದು. ಬುಶ್ಶು ಸರಳನ್ನು ಗಟ್ಟಿಯಾಗಿ ಅಪ್ಪಿ ಹಿಡಿದಿತ್ತು. ಸರಳಿನ ಮೈತುಂಬ ಗೀರು.

"ಹೋದ ತಿಂಗಳು ನೀವೇ ಮಾಡಿಕೊಟ್ಟಿದ್ದಲ್ರೀ ಮೇಸ್ತ್ರಿ, ಹಿಂಗ್ಯಾಕಾತು?" ಎಂಬುದು ಸಾಹುಕಾರರ ಪ್ರಶ್ನೆ. ಪ್ರಶ್ನೆಯಲ್ಲಿ ಅರ್ಧ ಸಿಟ್ಟು, ಅರ್ಧ ದುಃಖ.

ಮೇಸ್ತ್ರಿ ಬುಶ್ಶನ್ನು ತಿರುಗಿಸಿ ತಿರುಗಿಸಿ ನೋಡಿದ. ಮಾತಾಡಲಿಲ್ಲ. ಅವನಿಗೆ ಕಾರಣ ಗೊತ್ತಾಗಿತ್ತು. ಅದನ್ನು ಹೇಳುವುದೋ ಬಿಡುವುದೋ ಎಂಬುದೇ ಯೋಚನೆ.

ಹರಿಹರದ ಋಣ

ಕಾರಣಕ್ಕೆ ಹೋಗುವ ಮೊದಲು ಈ ಲೇತು ಇಲ್ಲಿಗೆ ಬಂದ ಕಥೆ ಕೇಳಬೇಕು. ಪಕ್ಕದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾದದ್ದು 1941ರಲ್ಲಿ. ತುಂಗಭದ್ರೆಯ ದಂಡೆಯ ಈ ಊರಿನಲ್ಲಿ ತಯಾರಾದ ಲೇತುಗಳು ದೇಶದ ಮೂಲೆ ಮೂಲೆಗೆ ಹೋದವು. ಬೆಂಗಳೂರಿನಲ್ಲಿ ಎಚ್‌ಎಂಟಿ ಹುಟ್ಟಿದ್ದು 1953ರಲ್ಲಿ. ಅಂದರೆ ಅದಕ್ಕೂ ಹನ್ನೆರಡು ವರ್ಷ ಮೊದಲೇ ನಮ್ಮ ಹರಿಹರ ಯಂತ್ರ ಮಾಡುವ ಯಂತ್ರಕ್ಕೆ ಕೈಹಾಕಿತ್ತು. ಈ ಶತಮಾನದ ಮೊದಲ ವರ್ಷಗಳಲ್ಲಿ ಆ ಕಾರ್ಖಾನೆ ಬಾಗಿಲು ಹಾಕಿತು. ಸೈರನ್ನು ನಿಂತಿತು.

ಆದರೆ ಲೇತುಗಳು ಸಾಯಲಿಲ್ಲ. ಅಲ್ಲಿ ತಯಾರಾದ 'ಎಂಟರ್‌ಪ್ರೈಸ್' ಲೇತು ಇವತ್ತಿಗೂ ಸೆಕೆಂಡ್‌ಹ್ಯಾಂಡ್ ಬಜಾರಿನಲ್ಲಿ ಕೈಬದಲಾಗುತ್ತದೆ. ಬೆಡ್ಡು ಸವೆದಿದ್ದರೆ ತಿಕ್ಕಿಸಿಕೊಳ್ಳುತ್ತಾರೆ, ಗೇರು ಹೋದರೆ ಹೊಸದು ಕತ್ತರಿಸಿ ಹಾಕುತ್ತಾರೆ. ಆ ತೂಕದ ಬೀಡು ಇರುವ ಯಂತ್ರಕ್ಕೆ ಒಂದು ಗುಣ ಇದೆ. ಅದು ನಡುಗುವುದಿಲ್ಲ. ಸ್ಟೇನ್‌ಲೆಸ್ ಕಡೆಯುವವನಿಗೆ ನಡುಗದ ಯಂತ್ರ ಸಿಗುವುದೇ ಅರ್ಧ ಪುಣ್ಯ.

ಸ್ಟೀಲಿನ ಸಿಟ್ಟು

ಸ್ಟೇನ್‌ಲೆಸ್ ಸ್ಟೀಲು ಎಲ್ಲರ ಮನೆಯ ಅಟ್ಟದಲ್ಲೂ ಇದೆ. ಲೋಟ, ತಟ್ಟೆ, ಡಬರಿ ಎಲ್ಲ ಅದೇ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಎಂಬಾತ ತುಕ್ಕು ಹಿಡಿಯದ ಉಕ್ಕನ್ನು ಕರಗಿಸಿ ಎರಕ ಹೊಯ್ದದ್ದು 1913ರಲ್ಲಿ. ಉಕ್ಕಿಗೆ ನೂರಕ್ಕೆ ಹತ್ತೂವರೆ ಪಾಲಿಗಿಂತ ಹೆಚ್ಚು ಕ್ರೋಮಿಯಂ ಸೇರಿದರೆ ಅದರ ಮೈಮೇಲೆ ಕಣ್ಣಿಗೆ ಕಾಣದ ಒಂದು ಪದರ ಕಟ್ಟಿಕೊಳ್ಳುತ್ತದೆ. ಗೀರಿದರೂ ಗಾಳಿ ತಾಗಿದ ಕೂಡಲೇ ಮತ್ತೆ ಕಟ್ಟಿಕೊಳ್ಳುತ್ತದೆ. ತುಕ್ಕನ್ನು ತಡೆಯುವುದು ಈ ಪದರವೇ.

ಪಾತ್ರೆಯಾಗಿ ಎಷ್ಟು ಸಾಧುವೋ ಲೇತಿನ ಮೇಲೆ ಅಷ್ಟೇ ಸಿಡುಕು ಈ ಸ್ಟೀಲು. ಸಾದಾ ಕಬ್ಬಿಣಕ್ಕೆ ಟೂಲು ಸ್ವಲ್ಪ ಮೊಂಡಾಗಿದ್ದರೂ ನಡೆಯುತ್ತದೆ. ಸ್ಟೇನ್‌ಲೆಸ್‌ಗೆ ನಡೆಯದು. ಟೂಲು ಕತ್ತರಿಸದೆ ಬರೀ ಉಜ್ಜಿತೋ, ಉಜ್ಜಿದ ಜಾಗ ಕಲ್ಲಿನಂತೆ ಗಟ್ಟಿಯಾಗುತ್ತದೆ. ಮುಂದಿನ ಸುತ್ತಿನಲ್ಲಿ ಅದೇ ಗಟ್ಟಿ ಪದರಕ್ಕೆ ಟೂಲು ಬಡಿದು ಮೂತಿ ಸುಟ್ಟುಕೊಳ್ಳುತ್ತದೆ. ಅಳುಕಿ ಅಳುಕಿ ಕೂದಲೆಳೆಯಷ್ಟು ಕತ್ತರಿಸುವ ಹೊಸಬನ ಕೈಯಲ್ಲಿ ಸ್ಟೇನ್‌ಲೆಸ್ ಹಾಳಾಗುವುದು ಇದೇ ಕಾರಣಕ್ಕೆ. ಕೈಹಾಕಿದ ಮೇಲೆ ಧೈರ್ಯವಾಗಿ ಕತ್ತರಿಸಬೇಕು, ಇಲ್ಲವೇ ಟೂಲನ್ನು ಹಿಂದಕ್ಕೆ ತೆಗೆಯಬೇಕು. ನಡುವೆ ನಿಂತು ಉಜ್ಜುತ್ತಾ ಇರಬಾರದು.

ಎರಡನೆಯದು ಬಿಸಿ. ಸಾದಾ ಕಬ್ಬಿಣ ಬಿಸಿಯನ್ನು ಮೈತುಂಬ ಹಂಚಿಕೊಂಡು ಬಿಡುತ್ತದೆ. 304 ಎಂಬ ನಂಬರಿನ ಸ್ಟೇನ್‌ಲೆಸ್ ಅದರ ಮೂರನೇ ಒಂದು ಪಾಲಿನಷ್ಟು ಮಾತ್ರ ಬಿಸಿಯನ್ನು ಸಾಗಿಸುತ್ತದೆ. ಹಾಗಾಗಿ ಕತ್ತರಿಸಿದ ಬಿಸಿಯೆಲ್ಲ ಟೂಲಿನ ತುದಿಯಲ್ಲೇ ಕೂರುತ್ತದೆ. ಅದಕ್ಕೇ ವೇಗ ಅರ್ಧಕ್ಕಿಳಿಸಬೇಕು. 25 ಮಿ.ಮೀ. ದಪ್ಪದ ಸಾದಾ ಕಬ್ಬಿಣದ ಸರಳನ್ನು ಹೈಸ್ಪೀಡ್ ಬಿಟ್ಟಿನಿಂದ ಕಡೆಯುವಾಗ ನಿಮಿಷಕ್ಕೆ ಸುಮಾರು 380 ಸುತ್ತು ಓಡಿಸುವ ಮೇಸ್ತ್ರಿ, ಅದೇ ದಪ್ಪದ 304ಕ್ಕೆ ಸುಮಾರು 190ಕ್ಕೆ ಇಳಿಸುತ್ತಾನೆ. ಕಾರ್ಬೈಡ್ ಇನ್ಸರ್ಟು ಇದ್ದರೆ ವೇಗ ಹೆಚ್ಚಿಸಬಹುದು. ಆದರೆ ನಡುಗುವ ಹಗುರ ಯಂತ್ರದ ಮೇಲೆ ಕಾರ್ಬೈಡಿನ ತುದಿ ಹಲ್ಲು ಮುರಿದಂತೆ ಚೂರಾಗುತ್ತದೆ. ಮತ್ತೆ ಕೂಲೆಂಟಿನ ನೀರು ಸುರಿದರೆ ಸುರಿಯುತ್ತಲೇ ಇರಬೇಕು. ಕಾದ ಕಾರ್ಬೈಡಿಗೆ ಆಗೊಮ್ಮೆ ಈಗೊಮ್ಮೆ ನೀರು ಚಿಮುಕಿಸಿದರೆ ಕಾದ ಗಾಜಿಗೆ ತಣ್ಣೀರು ಹಾಕಿದ ಹಾಗೆ, ಬಿರುಕು ಬಿಡುತ್ತದೆ.

ಡ್ರಿಲ್ಲಿಂಗಿನಲ್ಲೂ ಅದೇ ನ್ಯಾಯ. ಒತ್ತಿ ಹಿಡಿದು ನಿಧಾನ ವೇಗದಲ್ಲಿ ಕೊರೆಯಬೇಕು. ಒತ್ತಡ ಸಡಿಲಿಸಿ ಬಿಟ್ಟನ್ನು ಸುಮ್ಮನೆ ತಿರುಗಲು ಬಿಟ್ಟರೆ ತೂತಿನ ತಳ ಗಟ್ಟಿಯಾಗಿ, ಆಮೇಲೆ ಬ್ರಹ್ಮ ಬಂದರೂ ಕೊರೆಯಲಾರ. ಇನ್ನು ಸ್ಟೇನ್‌ಲೆಸ್ ಬೋಲ್ಟಿಗೆ ಸ್ಟೇನ್‌ಲೆಸ್ ನಟ್ಟನ್ನು ಒಣಗಿರುವಾಗ ಬಿಗಿದರೆ ಒಂದನ್ನೊಂದು ಕಚ್ಚಿಕೊಂಡು ಕೊನೆಗೆ ಗರಗಸದಿಂದ ಕತ್ತರಿಸಿಯೇ ತೆಗೆಯಬೇಕು. ಹಚ್ಚಿದ ಎರಡು ತೊಟ್ಟು ಗ್ರೀಸು ಗಂಟೆಗಟ್ಟಲೆ ಕೆಲಸ ಉಳಿಸುತ್ತದೆ.

ಮ್ಯಾಗ್ನೆಟ್ಟಿನ ಮೋಸ

ಪಾತ್ರೆ ಅಂಗಡಿಯವರೂ ಗಿರಾಕಿಗಳೂ ಇಲ್ಲಿ ಸ್ವಲ್ಪ ನಿಂತು ಓದಬೇಕು. "ಮ್ಯಾಗ್ನೆಟ್ ಹಿಡೀಲಿಲ್ಲ ಅಂದ್ರೆ ಒಳ್ಳೇ ಸ್ಟೀಲು" ಎಂಬ ಮಾತು ಬಜಾರಿನಲ್ಲಿ ವೇದವಾಕ್ಯ. ಅರ್ಧ ಮಾತ್ರ ನಿಜ!

304ರಲ್ಲಿ ಸುಮಾರು ನೂರಕ್ಕೆ 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್. ನಿಕ್ಕಲ್ ತುಟ್ಟಿ. ಅದನ್ನು ಕಡಿಮೆ ಮಾಡಿ ಮ್ಯಾಂಗನೀಸ್ ತುಂಬಿದ್ದು 202 ನಂಬರಿನ ಸ್ಟೀಲು. ಅಗ್ಗ. ಒಣ ಜಾಗದಲ್ಲಿ, ಮನೆಯ ಕಟಾಂಜನದಲ್ಲಿ ಬಾಳುತ್ತದೆ. ಉಪ್ಪು, ಹುಳಿ, ನೀರು ದಿನಾ ತಾಗುವ ಕಡೆ 304ರಷ್ಟು ತಾಳುವುದಿಲ್ಲ. ಆದರೆ ಎರಡನ್ನೂ ಮ್ಯಾಗ್ನೆಟ್ಟು ಸಾಧಾರಣವಾಗಿ ಹಿಡಿಯುವುದಿಲ್ಲ. ಆದ್ದರಿಂದ ಮ್ಯಾಗ್ನೆಟ್ಟಿನಿಂದ 202ನ್ನೂ 304ನ್ನೂ ಬೇರೆ ಮಾಡಲು ಆಗದು.

ಉಲ್ಟಾ ಪ್ರಕರಣವೂ ಉಂಟು. ಅಪ್ಪಟ 304 ಸರಳನ್ನು ತಣ್ಣಗಿರುವಾಗಲೇ ಬಗ್ಗಿಸಿದರೆ, ಎಳೆದರೆ ಸ್ವಲ್ಪ ಮ್ಯಾಗ್ನೆಟ್ಟು ಹಿಡಿಯಲು ಶುರುವಾಗುತ್ತದೆ. "ಡೂಪ್ಲಿಕೇಟ್ ಕೊಟ್ಟಿದೀರಿ" ಎಂದು ಜಗಳಕ್ಕೆ ಬಂದವರು ತಪ್ಪು, ಕೊಟ್ಟವನು ಸರಿ. ಇನ್ನು ಪಂಪಿನ ಶಾಫ್ಟಿಗೆ ಬಳಸುವ 410 ಎಂಬ ಸ್ಟೇನ್‌ಲೆಸ್ ಹುಟ್ಟುತ್ತಲೇ ಮ್ಯಾಗ್ನೆಟ್ಟು ಹಿಡಿಯುವ ಜಾತಿ. ಅದು ಕಳಪೆಯಲ್ಲ, ಅದರ ಕೆಲಸವೇ ಬೇರೆ. ಕಾಯಿಸಿ ಹದ ಕೊಟ್ಟರೆ ಗಟ್ಟಿಯಾಗುವ ಗುಣ ಅದಕ್ಕಿದೆ, 304ಕ್ಕೆ ಇಲ್ಲ.

ಹಾಗಾದರೆ ಗುರುತಿಸುವುದು ಹೇಗೆ? ಹನಿ ಹಾಕಿ ಬಣ್ಣ ನೋಡುವ ರಾಸಾಯನಿಕ ಬಾಟಲಿ ಬಜಾರಿನಲ್ಲಿ ಸಿಗುತ್ತದೆ. ದೊಡ್ಡ ವ್ಯಾಪಾರವಾದರೆ ಲ್ಯಾಬಿನ ಪರೀಕ್ಷೆ. ಚಿಕ್ಕ ವ್ಯಾಪಾರಕ್ಕೆ ಒಂದೇ ದಾರಿ, ಬಿಲ್ಲಿನಲ್ಲಿ ನಂಬರು ಬರೆಸಿಕೊಳ್ಳುವುದು. '304 ಸರಳು, ಇಷ್ಟು ಕಿಲೋ' ಅಂತ ಬರೆದು ಸಹಿ ಹಾಕಲು ಹಿಂಜರಿಯುವ ಅಂಗಡಿಯವನ ಮಾಲಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ.

ಒಳ್ಳೇ ಸ್ಟೀಲು ತಂದೂ ಕೆಡಿಸುವವರಿದ್ದಾರೆ. ಸಾದಾ ಕಬ್ಬಿಣ ಉಜ್ಜಿದ ಕಲ್ಲಿನಲ್ಲೇ ಸ್ಟೇನ್‌ಲೆಸ್ ಉಜ್ಜಿದರೆ, ಕಬ್ಬಿಣದ ತಂತಿ ಬ್ರಶ್ಶಿನಿಂದ ತಿಕ್ಕಿದರೆ, ಕಬ್ಬಿಣದ ಕಣಗಳು ಮೈಗೆ ಅಂಟಿ ನಾಲ್ಕು ದಿನಕ್ಕೆ ಕಂದು ಚುಕ್ಕೆ ಏಳುತ್ತವೆ. ಗಿರಾಕಿ "ತುಕ್ಕು ಬಂತು" ಎಂದು ಸ್ಟೀಲಿಗೆ ಬೈಯುತ್ತಾನೆ. ಸ್ಟೇನ್‌ಲೆಸ್‌ಗೆಂದೇ ಬೇರೆ ಕಲ್ಲು, ಬೇರೆ ಬ್ರಶ್ಶು ಇಡುವ ಮೇಸ್ತ್ರಿಗೆ ಈ ಬೈಗುಳ ಬರುವುದಿಲ್ಲ.

ನೈಲಾನಿನ ನೀರಡಿಕೆ

ಈಗ ಮತ್ತೆ ಹೋಟೆಲಿನ ಬುಶ್ಶಿಗೆ ಬರೋಣ. ನೈಲಾನನ್ನು ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ವಾಲೇಸ್ ಕ್ಯಾರೊದರ್ಸ್ ಎಂಬ ವಿಜ್ಞಾನಿಯ ತಂಡ ತಯಾರಿಸಿದ್ದು 1935ರಲ್ಲಿ. ಮೊದಲು ಕಾಲುಚೀಲದ ನೂಲಾಗಿ ಮೆರೆದ ಈ ಸಾಮಾನು ಈಗ ಗೇರು, ಬುಶ್ಶು, ರಾಟೆಗಳಾಗಿ ಎಲ್ಲ ಕಡೆ ಇದೆ. ಹಗುರ, ಸದ್ದಿಲ್ಲ, ಎಣ್ಣೆ ಕಡಿಮೆ ಸಾಕು. ಅಡುಗೆ ಯಂತ್ರಕ್ಕೆ ಹೇಳಿ ಮಾಡಿಸಿದ ಹಾಗೆ.

ಆದರೆ ನೈಲಾನಿಗೆ ಒಂದು ಚಟ ಇದೆ, ನೀರು ಕುಡಿಯುವುದು! ಬರೀ ಗಾಳಿಯ ತೇವದಿಂದಲೇ ತನ್ನ ತೂಕದ ನೂರಕ್ಕೆ 2-3 ಪಾಲು ನೀರು ಹೀರಿಕೊಳ್ಳುತ್ತದೆ. ನೀರಿನಲ್ಲೇ ಮುಳುಗಿದ್ದರೆ ಇನ್ನೂ ಬಹಳ. ಕುಡಿದ ಹಾಗೆ ಊದಿಕೊಳ್ಳುತ್ತದೆ. ಹೊರಗಡೆ ಕಲ್ಲು ಬಿಗಿಯಾಗಿ ಹಿಡಿದಿರುವಾಗ ಬುಶ್ಶು ಹೊರಕ್ಕೆ ಊದಲು ಜಾಗವೆಲ್ಲಿ? ಒಳಕ್ಕೆ ಊದುತ್ತದೆ. ಒಳಗಿರುವ ಸರಳನ್ನು ಹಿಡಿಯುತ್ತದೆ.

ಹೋದ ತಿಂಗಳು ನಡೆದದ್ದು ಇಷ್ಟೇ. "ಸ್ವಲ್ಪಾನೂ ಅಲುಗಾಡಬಾರ್ದು ಮೇಸ್ತ್ರಿ, ಟೈಟಾಗಿರ್ಲಿ" ಅಂದಿದ್ದರು ಸಾಹುಕಾರರು. ಮೇಸ್ತ್ರಿ ಪಿತ್ತಾಳೆ ಬುಶ್ಶಿಗೆ ಬಿಡುವಷ್ಟೇ ಸಂದು ಬಿಟ್ಟು ನೈಲಾನನ್ನು ಕಡೆದುಕೊಟ್ಟಿದ್ದ. ಅಂದು ಜೇನಿನ ಹಾಗೆ ತಿರುಗಿತು. ದಿನಾ ತೊಳೆದರು, ದಿನಾ ನೆನೆಯಿತು, ದಿನಾ ಒಂದಿಷ್ಟು ಊದಿತು. ತಿಂಗಳಿಗೆ ಕಚ್ಚಿತು. ಪ್ಲಾಸ್ಟಿಕ್ ಬುಶ್ಶಿಗೆ ಲೋಹದ ಬುಶ್ಶಿಗಿಂತ ಹಲವು ಪಟ್ಟು ಸಡಿಲ ಬಿಡಬೇಕೆಂಬುದು ಮೇಸ್ತ್ರಿಗೆ ಗೊತ್ತಿಲ್ಲದ್ದೇನಲ್ಲ. ಗಿರಾಕಿಯ ಮಾತಿಗೆ ಮಣಿದದ್ದೇ ತಪ್ಪಾಯಿತು.

ಬಿಸಿಯ ಲೆಕ್ಕವೂ ಹೀಗೆಯೇ. 50 ಮಿ.ಮೀ. ಅಗಲದ ನೈಲಾನ್ ತುಂಡು 30 ಡಿಗ್ರಿ ಕಾದರೆ ಸುಮಾರು 0.13 ಮಿ.ಮೀ. ಹಿಗ್ಗುತ್ತದೆ. ಅಷ್ಟೇ ಅಗಲದ ಕಬ್ಬಿಣ 0.02 ಮಿ.ಮೀ.ನಷ್ಟೂ ಹಿಗ್ಗದು. ಲೇತಿನ ಮೇಲೆ ಬಿಸಿಯಾಗಿದ್ದಾಗ ಅಳೆದು "ಸರಿಯಾಯ್ತು" ಎಂದ ಜಾಬು, ಚಹಾ ಕುಡಿದು ಬರುವಷ್ಟರಲ್ಲಿ ತಣಿದು ಸಣ್ಣದಾಗಿರುತ್ತದೆ. ಆದ್ದರಿಂದ ಕೊನೆಯ ಕಟಿಂಗಿಗೆ ಮೊದಲು ತಣಿಯಲು ಬಿಡಬೇಕು. ತಣಿದ ಮೇಲೆ ಅಳೆಯಬೇಕು.

ಚಕ್ಕಿನ ಮೂರು ದವಡೆಗಳು ಹಿಂಡುವ ಹಿಡಿತಕ್ಕೂ ಪ್ಲಾಸ್ಟಿಕ್ಕು ಬಗ್ಗುತ್ತದೆ. ತೆಳುವಾದ ಬುಶ್ಶನ್ನು ಬಿಗಿಯಾಗಿ ಹಿಡಿದು ಒಳಗೆ ದುಂಡಗೆ ಬೋರು ಹೊಡೆದರೆ, ಬಿಚ್ಚಿದ ಮೇಲೆ ಅದು ಮೂರು ಮೂಲೆಯ ಬುಶ್ಶು! ಹದವಾಗಿ ಹಿಡಿಯಬೇಕು, ಆದರೆ ಜಾರಬಾರದು. ಟೂಲು ಹೊಸದಾಗಿ ಸಾಣೆ ಹಿಡಿದದ್ದಿರಬೇಕು, ಕ್ಷೌರದ ಕತ್ತಿಯ ಹಾಗೆ. ಕಬ್ಬಿಣ ಕಡೆದ ಟೂಲನ್ನೇ ಹಾಕಿದರೆ ನೈಲಾನು ಕತ್ತರಿಸುವುದಿಲ್ಲ, ಬೆಂದು ಬೆಣ್ಣೆಯಾಗಿ ಮೆತ್ತಿಕೊಳ್ಳುತ್ತದೆ. ಡ್ರಿಲ್ಲು ಹಾಕಿದ ತೂತು ತಣಿದ ಮೇಲೆ ಕಿರಿದಾಗುತ್ತದೆ ಎಂಬುದನ್ನೂ ನೆನಪಿಡಬೇಕು.

ಇನ್ನೂ ಒಂದು ಮಾತು ಬಹಳ ಮಂದಿಗೆ ಹೊಳೆಯುವುದಿಲ್ಲ. ಕಬ್ಬಿಣದ ಕೆಲಸ ಮುಗಿಸಿ ಲೇತು ಗುಡಿಸದೆ ನೈಲಾನು ಏರಿಸಿದರೆ ಉಕ್ಕಿನ ಸಣ್ಣ ಚೂರುಗಳು ಬುಶ್ಶಿನ ಒಳಮೈಗೆ ಹುದುಗುತ್ತವೆ. ಆಮೇಲೆ ಆ ಬುಶ್ಶು ಬುಶ್ಶಲ್ಲ, ಉಪ್ಪುಕಾಗದ. ತಿರುಗುವ ಸರಳನ್ನೇ ತಿಂದು ಹಾಕುತ್ತದೆ.

ಅಕ್ರಿಲಿಕ್ ಬೇರೆ ಸ್ವಭಾವ. ಬಗ್ಗುವುದಿಲ್ಲ, ಒಡೆಯುತ್ತದೆ. ಡ್ರಿಲ್ಲು ಹಿಂಬದಿಯಿಂದ ಹೊರಬರುವ ಹೊತ್ತಿಗೆ 'ಟಪ್' ಅನ್ನುತ್ತದೆ. ಕೆಳಗೆ ಒಂದು ಮರದ ತುಂಡು ಒತ್ತುಕೊಟ್ಟು, ಬಿಟ್ಟಿನ ಬಾಯಿಯನ್ನು ಸ್ವಲ್ಪ ಸಪ್ಪಟೆ ಮಾಡಿ ಕೊರೆದರೆ ಉಳಿಯುತ್ತದೆ. ಒರೆಸಲು ಸಾಬೂನಿನ ನೀರು ಸಾಕು. ಸ್ಪಿರಿಟ್ಟು, ಥಿನ್ನರು ತಾಗಿಸಿದರೆ ಮೈತುಂಬ ಜೇಡನ ಬಲೆಯಂಥ ಬಿರುಕು.

ಬೀಡಿ, ಹೊಗೆ, ಬೆರಳು

ಮೇಸ್ತ್ರಿಯ ಎಡಗೈ ತೋರುಬೆರಳಿನ ತುದಿ ಇಲ್ಲ. ಕೇಳಿದರೆ ನಗುತ್ತಾನೆ. "ಲೇತಿಗೆ ಕೊಟ್ಟ ಕಾಣಿಕೆ" ಅನ್ನುತ್ತಾನೆ. ತಿರುಗುವ ಜಾಬಿಗೆ ಉಪ್ಪುಕಾಗದದ ಪಟ್ಟಿ ಸುತ್ತಿ ಬೆರಳಿನಿಂದ ಹಿಡಿದಿದ್ದು ಅಷ್ಟೇ. ಪಟ್ಟಿ ಕಚ್ಚಿಕೊಂಡಿತು, ಬೆರಳನ್ನೂ ಜೊತೆಗೆ ಎಳೆಯಿತು. ರೆಪ್ಪೆ ಬಡಿಯುವಷ್ಟು ಹೊತ್ತು.

ಸ್ಟೇನ್‌ಲೆಸ್ಸಿನ ಸುರುಳಿ ಬ್ಲೇಡಿಗಿಂತ ಹರಿತ. ಉದ್ದಕ್ಕೆ ಬರುವ ಸುರುಳಿಯನ್ನು ಕೈಯಿಂದ ಎಳೆಯುವುದು, ಯಂತ್ರ ನಿಲ್ಲಿಸದೆ ಬಿಡಿಸುವುದು ಬೆರಳಿಗೆ ಬೆಲೆ ಕಟ್ಟುವ ಕೆಲಸ. ಕೊಕ್ಕೆಯೊಂದು ಇರಬೇಕು, ಅದೂ ಯಂತ್ರ ನಿಂತ ಮೇಲೆ. ನೈಲಾನಿನ ದಾರ ಮೆತ್ತಗೆ ಕಾಣುತ್ತದೆ, ಹತ್ತಿಯ ಹಾಗೆ. ಚಕ್ಕಿಗೆ ಸುತ್ತಿಕೊಂಡಿತೆಂದರೆ ಅದೂ ಹಗ್ಗವೇ.

"ಕೈಗೆ ಗ್ಲೌಸ್ ಹಾಕಿದ್ರೆ ಸೇಫು" ಎಂದುಕೊಂಡವರಿದ್ದಾರೆ. ತಿರುಗುವ ಲೇತಿನ ಮುಂದೆ ಗ್ಲೌಸೇ ಅಪಾಯ. ಬಟ್ಟೆಯ ತುದಿ ಸಿಕ್ಕಿದರೆ ಕೈಯನ್ನೇ ಎಳೆದುಕೊಳ್ಳುತ್ತದೆ. ಪಂಚೆ, ಲುಂಗಿ, ಸಡಿಲ ತೋಳು, ಕೊರಳ ಸರ, ಕೈಯ ಉಂಗುರ, ಹೆಗಲ ಟವಲ್ಲು ಎಲ್ಲಕ್ಕೂ ಇದೇ ಮಾತು.

ಕಣ್ಣಿಗೆ ಕನ್ನಡಕ ಬೇಕೇ ಬೇಕು. ಕಬ್ಬಿಣದ ಚೂರು ಕಣ್ಣಿಗೆ ಬಿದ್ದರೆ ಮ್ಯಾಗ್ನೆಟ್ಟಿನಿಂದ ತೆಗೆಯುವ ನಾಟಿ ವಿದ್ಯೆ ಕೆಲವು ಶೆಡ್ಡುಗಳಲ್ಲಿ ಉಂಟು. ಅದೇ ತಪ್ಪು. 304ರ ಚೂರಿಗಂತೂ ಆ ಮ್ಯಾಗ್ನೆಟ್ಟು ಕೆಲಸಕ್ಕೇ ಬರುವುದಿಲ್ಲ. ಉಜ್ಜದೆ ನೇರ ಕಣ್ಣಿನ ಡಾಕ್ಟರ ಬಳಿ ಓಡಬೇಕು.

ಇನ್ನು ಹೊಗೆ. ಟೆಫ್ಲಾನನ್ನು 1938ರಲ್ಲಿ ರಾಯ್ ಪ್ಲಂಕೆಟ್ ಎಂಬಾತ ಆಕಸ್ಮಿಕವಾಗಿ ಕಂಡುಹಿಡಿದ. ಎಣ್ಣೆ ಸವರಿದ ಹಾಗೆ ಜಾರುವ ಸಾಮಾನು. ತಣ್ಣಗಿದ್ದಾಗ ಸಾಧು. ಬಹಳ ಕಾದರೆ ಅದರಿಂದ ಹೊರಡುವ ಹೊಗೆ ಚಳಿಜ್ವರ ಬರಿಸುತ್ತದೆ, ಎದೆ ಬಿಗಿಯುತ್ತದೆ. ಲೇತಿನ ಮೇಲೆ ಅಷ್ಟು ಕಾಯದಿರಬಹುದು. ಆದರೆ ಟೆಫ್ಲಾನಿನ ಪುಡಿ ಮೆತ್ತಿದ ಬೆರಳಿನಲ್ಲಿ ಬೀಡಿ ಹಿಡಿದು ಸೇದಿದರೆ? ಬೀಡಿಯ ಕೆಂಡಕ್ಕೆ ಆ ಪುಡಿ ಸುಡುತ್ತದೆ, ಹೊಗೆ ನೇರ ಪುಪ್ಪುಸಕ್ಕೆ. ಕಾರ್ಖಾನೆಗಳಲ್ಲಿ ಕೆಲಸಗಾರರು ಹೀಗೆ ಜ್ವರ ತಂದುಕೊಂಡದ್ದು ವೈದ್ಯರ ದಾಖಲೆಗಳಲ್ಲಿದೆ. ಕೈ ತೊಳೆಯದೆ ಬೀಡಿಯನ್ನು ಮುಟ್ಟಬಾರದು, ಶೆಡ್ಡಿನೊಳಗೆ ಸೇದಲೇಬಾರದು. ಪಿವಿಸಿ ಸುಟ್ಟರೆ ಆಮ್ಲದ ಹೊಗೆ, ಅಸಿಟಾಲ್ ಸುಟ್ಟರೆ ಕಣ್ಣು ಮೂಗು ಉರಿಸುವ ಫಾರ್ಮಾಲ್ಡಿಹೈಡ್. ಪ್ಲಾಸ್ಟಿಕ್ ಚೂರುಗಳನ್ನು ಗುಡ್ಡೆ ಹಾಕಿ ಹಿತ್ತಲಲ್ಲಿ ಬೆಂಕಿ ಕೊಡುವವರು ತಮ್ಮ ಮಕ್ಕಳಿಗೇ ಈ ಹೊಗೆ ಕುಡಿಸುತ್ತಾರೆ.

ಮನೆಯೊಳಗಿನ ವರ್ಕ್‌ಶಾಪಿನ ದೊಡ್ಡ ಭಯ ಇದೇ. ಕಾರ್ಖಾನೆಗೆ ಗೇಟಿದೆ, ಕಾವಲಿನವನಿದ್ದಾನೆ. ಹಿತ್ತಲಿಗೆ ಏನಿದೆ? ಶಾಲೆ ಬಿಟ್ಟ ಮಕ್ಕಳು ಸೀದಾ ಓಡಿ ಬರುವುದೇ ಅಲ್ಲಿಗೆ. ಚಕ್ಕಿನಲ್ಲೇ ಕೀ ಬಿಟ್ಟು ಊಟಕ್ಕೆ ಹೋದ ಅಪ್ಪ, ಸ್ವಿಚ್ಚು ಒತ್ತಿದ ಮಗ. ಕೀ ಗುಂಡಿನ ಹಾಗೆ ಹಾರುತ್ತದೆ. "ರೀ, ಕೀ ತೆಗ್ದು ಮೊಳೆಗೆ ಹಾಕಿ ಬನ್ನಿ, ಆಮೇಲೆ ತಟ್ಟೆ ಹಾಕ್ತೀನಿ" ಎಂಬುದು ಈ ಮೇಸ್ತ್ರಿಯ ಮನೆಯಾಕೆಯ ಕಾನೂನು. ಊರಿನ ಎಲ್ಲ ಶೆಡ್ಡುಗಳಲ್ಲೂ ಜಾರಿಯಾಗಬೇಕಾದ ಕಾನೂನು.

ಮೀಟರು, ನೆರೆಮನೆ, ರೇಟು

ಹಳೇ ಲೇತುಗಳ ಮೋಟಾರು ಸಾಧಾರಣವಾಗಿ ಮೂರು ಫೇಸಿನದು. ಮನೆಗೆ ಬರುವುದು ಒಂದು ಫೇಸು. ಈಗ 'ಡ್ರೈವ್' ಎಂಬ ಎಲೆಕ್ಟ್ರಾನಿಕ್ ಪೆಟ್ಟಿಗೆ ಬಂದಿದೆ. ಒಂದು ಫೇಸಿನ ಕರೆಂಟಿನಲ್ಲಿ ಮೂರು ಫೇಸಿನ ಚಿಕ್ಕ ಮೋಟಾರನ್ನು ಓಡಿಸುತ್ತದೆ, ವೇಗವನ್ನೂ ಗುಂಡಿ ತಿರುಗಿಸಿ ಇಳಿಸಬಹುದು. ಸ್ಟೇನ್‌ಲೆಸ್‌ನವರಿಗೆ ವರದಾನ. ಆದರೆ ಅರ್ಥಿಂಗು ಇಲ್ಲದ ಮನೆಯಲ್ಲಿ, ಕೂಲೆಂಟಿನ ನೀರು ಚೆಲ್ಲಿದ ನೆಲದಲ್ಲಿ, ಬರಿಗಾಲಿನಲ್ಲಿ ನಿಂತು ಇದನ್ನು ಓಡಿಸುವುದು ಯಮನಿಗೆ ಪತ್ರ ಬರೆದಂತೆ. ಸರಿಯಾದ ಅರ್ಥಿಂಗು, 30 ಮಿಲಿಆಂಪಿಯರಿಗೆ ಕಡಿದುಕೊಳ್ಳುವ ಲೀಕೇಜ್ ಬ್ರೇಕರು, ಇವೆರಡಕ್ಕೆ ಜಿಪುಣತನ ಕೂಡದು.

ಮನೆ ಮೀಟರಿನಲ್ಲಿ ವ್ಯಾಪಾರದ ಲೇತು ಓಡಿಸುವುದು ನಿಯಮಕ್ಕೂ ವಿರುದ್ಧ. ಕೈಗಾರಿಕೆಯ ಪ್ರತ್ಯೇಕ ಸಂಪರ್ಕ ಬೇಕು, ಪಾಲಿಕೆಯ ಪರವಾನಗಿ ಬೇಕು. 2020ರ ಜುಲೈನಿಂದ 'ಉದ್ಯಮ್' ನೋಂದಣಿ ಬಂದಿದೆ, ಕಾಸು ಖರ್ಚಿಲ್ಲ. ಅದು ಇದ್ದರೆ ಬ್ಯಾಂಕಿನ ಮುಂದೆ ನಿಲ್ಲಲು ಒಂದು ಕಾಗದವಾದರೂ ಇರುತ್ತದೆ. ನೆರೆಯವರ ನಿದ್ದೆಯೂ ಮುಖ್ಯ. ಶಬ್ದ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ವಸತಿ ಪ್ರದೇಶದಲ್ಲಿ ಮಿತಿ 45 ಡೆಸಿಬೆಲ್, ಹಗಲಿನಲ್ಲಿ 55. ಸ್ಟೇನ್‌ಲೆಸ್ಸಿನ ಕಿರುಚಾಟಕ್ಕೆ ಆ ಮಿತಿ ಎಲ್ಲಿ ಸಾಕು? ಹಗಲು ಕೆಲಸ, ಬಾಗಿಲು ಮುಚ್ಚಿ ಕೆಲಸ, ಇದೇ ನೆರೆಹೊರೆಯ ಧರ್ಮ.

ರೇಟಿನ ವಿಷಯದಲ್ಲಿ ಗಿರಾಕಿಗಳೂ ಸ್ವಲ್ಪ ಯೋಚಿಸಬೇಕು. "ಅಲ್ರೀ, ಒಂದು ಗೇಣು ಸರಳು, ಇಷ್ಟು ರೇಟಾ?" ಅಂತ ಕೇಳುವುದು ಸುಲಭ. ಅರ್ಧ ವೇಗದಲ್ಲಿ ಕಡೆದರೆ ಎರಡು ಪಟ್ಟು ಹೊತ್ತು. ಸಾದಾ ಕಬ್ಬಿಣಕ್ಕಿಂತ ಟೂಲು ಬೇಗ ಸವೆಯುತ್ತದೆ. ಈ ಎರಡರ ಲೆಕ್ಕವೇ ಬಿಲ್ಲಿನಲ್ಲಿ ಕಾಣುವುದು. ಮೇಸ್ತ್ರಿಗಳೂ ಒಂದು ಬುದ್ಧಿ ಕಲಿಯಬೇಕು. ಸ್ಟೇನ್‌ಲೆಸ್ ಚೂರನ್ನು ಕಬ್ಬಿಣದ ಜೊತೆ, ಪ್ಲಾಸ್ಟಿಕ್ಕಿನ ಜೊತೆ ಕಲೆಸಿದರೆ ಗುಜರಿಯವನು ಕಬ್ಬಿಣದ ರೇಟೇ ಕೊಡುತ್ತಾನೆ. ಬೇರೆ ಬೇರೆ ಡಬ್ಬದಲ್ಲಿಟ್ಟರೆ ನಿಕ್ಕಲಿನ ಬೆಲೆ ಕೈಗೆ ಬರುತ್ತದೆ.

ಸಂಜೆ ಐದೂವರೆ

ಮೇಸ್ತ್ರಿ ಕೊನೆಗೆ ಬಾಯಿಬಿಟ್ಟ. "ಸಾಹುಕಾರ್ರೇ, ತಪ್ಪು ನಂದೇ. ನೀವು ಟೈಟ್ ಅಂದ್ರಿ, ನಾನು ಬ್ಯಾಡ ಅನ್ಬೇಕಿತ್ತು. ನೈಲಾನು ನೀರು ಕುಡೀತದೆ."

ಸಾಹುಕಾರರಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ಬೈಯಲೆಂದೇ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಗಂಟಲಲ್ಲೇ ಉಳಿಯಿತು.

ಗೀರು ಬಿದ್ದ ಸರಳನ್ನು ಬದಿಗಿಟ್ಟು 304ರ ಹೊಸ ಸರಳು ಚಕ್ಕಿಗೇರಿತು. ನಿಧಾನ ವೇಗ, ಧೈರ್ಯದ ಕಟಿಂಗು, ಮೇಲೆ ಬಿಡದೆ ಕೂಲೆಂಟು. ಬುಶ್ಶಿಗೆ ಈ ಸಲ ನೈಲಾನಲ್ಲ, ಅಸಿಟಾಲ್. ಡೆಲ್ರಿನ್ ಎಂಬ ಹೆಸರಿನಲ್ಲಿ ಮೇಸ್ತ್ರಿಗಳಿಗೆ ಪರಿಚಯವಿರುವುದು. ನೀರಿನಲ್ಲೇ ಇಟ್ಟರೂ ನೂರಕ್ಕೆ ಒಂದು ಪಾಲಿನಷ್ಟೂ ಹೀರುವುದು ಕಷ್ಟ. ಲೇತನ್ನು ಮೊದಲು ಪೂರ್ತಿ ಗುಡಿಸಿದ. ಟೂಲಿಗೆ ಹೊಸ ಸಾಣೆ ಹಿಡಿದ. ಕೊನೆಯ ಕಟಿಂಗಿಗೆ ಮೊದಲು ಯಂತ್ರ ನಿಲ್ಲಿಸಿ ಚಹಾ ಕುಡಿದು ಬಂದ. ತಣಿದ ಮೇಲೆ ಅಳೆದ. ಸರಳಿಗೂ ಬುಶ್ಶಿಗೂ ನಡುವೆ ಕೈಯಲ್ಲಿ ಹಿಡಿದರೆ ಗೊತ್ತಾಗುವಷ್ಟು ಆಟ ಬಿಟ್ಟ.

"ಅಲುಗಾಡ್ತದಲ್ರೀ?" ಅಂದರು ಸಾಹುಕಾರರು.

"ಅಲುಗಾಡ್ಲಿ ಬಿಡ್ರಿ. ಈಗ ಅಲುಗಾಡಿದ್ರೆ ಆಮೇಲೆ ತಿರುಗ್ತದೆ" ಅಂದ ಮೇಸ್ತ್ರಿ. ಸಾಮಾನಿನ ದುಡ್ಡು ಮಾತ್ರ ತೆಗೆದುಕೊಂಡ, ಕೂಲಿ ಬೇಡವೆಂದ. ಬಿಲ್ಲಿನಲ್ಲಿ '304 ಸರಳು, ಅಸಿಟಾಲ್ ಬುಶ್' ಎಂದು ಕೈಬರಹದಲ್ಲಿ ಬರೆದುಕೊಟ್ಟ. ಸಂಜೆ ಐದೂವರೆಗೆ ಗುಂಡುಕಲ್ಲು ತಿರುಗಿತು. ರಾತ್ರಿ ಹಿಟ್ಟು ಹುದುಗಿತು.

ಊರಿನ ಹಿತ್ತಲುಗಳಲ್ಲಿ ಇಂಥ ವಿದ್ಯೆ ಇನ್ನೂ ಉಳಿದಿದೆ. ಅದು ಕತ್ತಲಲ್ಲಿ, ಕದ್ದ ಮೀಟರಿನಲ್ಲಿ, ಮಕ್ಕಳ ಕೈಗೆ ಸಿಗುವ ಜಾಗದಲ್ಲಿ ನಡೆಯುವಂತಾಗಬಾರದು. ಪಾಲಿಕೆಯವರು, ಬೆಸ್ಕಾಂನವರು, ಜಿಲ್ಲಾ ಕೈಗಾರಿಕಾ ಕೇಂದ್ರದವರು ದಂಡ ಹಾಕುವುದಕ್ಕಷ್ಟೇ ಇವರ ಬಾಗಿಲು ತಟ್ಟದೆ, ನಾಲ್ಕಾರು ಲೇತುಗಳಿಗೆ ಒಂದು ಸಾಮೂಹಿಕ ಶೆಡ್ಡು, ಸಣ್ಣವರಿಗೆ ಎಟುಕುವ ಠೇವಣಿಯಲ್ಲಿ ಮೂರು ಫೇಸಿನ ಸಂಪರ್ಕ, ಐಟಿಐ ಟರ್ನರ್ ಮುಗಿಸಿದ ಹುಡುಗರಿಗೆ ಇಲ್ಲೇ ಕೈಪಳಗಲು ಒಂದು ವ್ಯವಸ್ಥೆ ಮಾಡಿಕೊಟ್ಟರೆ ಹರಿಹರದ ಆ ಹಳೇ ಲೇತುಗಳಿಗೆ ಇನ್ನೊಂದು ತಲೆಮಾರು ಆಯುಸ್ಸು. ಸಂಬಂಧಪಟ್ಟವರು ಗಮನಿಸುವರೇ?